ಹರ್ರಾನಿನ ಗ್ರಹೋಪಾಸಕರೂ ಪ್ರವಾಸಿ ಮಸೂದಿಯೂ

ಒಂದು ಮತದ ಸ್ವರೂಪವನ್ನು ತಿಳಿಯಬೇಕೆನ್ನುವವರಿಗೆ ಎರಡು ಮಾರ್ಗಗಳುಂಟು. ಆ ಮತದ ವಿಷಯವಾಗಿ ಹೊರಗಿನವರು ಆಡಿಕೊಳ್ಳುವುದನ್ನು ಕೇಳಿ ಬರೆದುಕೊಳ್ಳುವುದು ಒಂದು. ಆ ಮತದವರ ಬಾಗಿಲಿಗೇ ಹೋಗಿ, ಅವರಲ್ಲಿ ಬಲ್ಲವರನ್ನು ಕಂಡು ಕೇಳುವುದು ಇನ್ನೊಂದು. ಮೊದಲನೆಯದು ಸುಲಭವಾದುದರಿಂದ ಲೋಕದಲ್ಲಿ ಅದೇ ಹೆಚ್ಚಾಗಿ ನಡೆದುಬಂದಿರುವುದು. ಎರಡನೆಯ ಮಾರ್ಗವನ್ನು ಹಿಡಿದವರು ವಿರಳ. ಅಂತಹ ವಿರಳರಲ್ಲೊಬ್ಬನಾದ ಅರಬ್ಬೀ ಇತಿಹಾಸಕಾರ ಅಲ್-ಮಸೂದಿಯು, ಸಾವಿರ ವರ್ಷಗಳಿಗೂ ಹಿಂದೆ, ಗ್ರಹನಕ್ಷತ್ರಗಳನ್ನು ಪೂಜಿಸುತ್ತಿದ್ದ ಜನರ ಪಂಡಿತನೊಬ್ಬನನ್ನು ಹರ್ರಾನ್ ನಗರದಲ್ಲಿ ಕಂಡು ಮಾತನಾಡಿದ ವೃತ್ತಾಂತವನ್ನು ಭಕ್ತಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಪ್ರವಾಸಿಯ ಪರಿಚಯ

ಮಸೂದಿಯು ಬಾಗ್ದಾದಿನಲ್ಲಿ ಹುಟ್ಟಿದವನು. ಕುಳಿತಲ್ಲಿಯೇ ಗ್ರಂಥಗಳನ್ನು ಓದಿ ಚರಿತ್ರೆ ಬರೆಯುವುದು ಅವನ ಮನಸ್ಸಿಗೆ ಒಪ್ಪದು. ಪಾರಸಿಕ ದೇಶ, ಕಾಸ್ಪಿಯನ್ ಸಮುದ್ರದ ತೀರ, ಓಮಾನ್, ಪೂರ್ವ ಆಫ್ರಿಕದ ಕರಾವಳಿ ಮೊದಲಾದ ಕಡೆಗಳಲ್ಲೆಲ್ಲ ತಿರುಗಿ, ಕಣ್ಣಾರೆ ಕಂಡುದನ್ನೂ ಬಲ್ಲವರಿಂದ ಕೇಳಿದುದನ್ನೂ ಕೂಡಿಸಿ ಅವನು ಬರೆದ “ಮುರೂಜ್ ಅಲ್-ಜಹಬ್” ಎಂಬ ಗ್ರಂಥವು ಪ್ರಸಿದ್ಧವಾಗಿರುವುದು. ಹೊನ್ನಿನ ಹುಲ್ಲುಗಾವಲುಗಳೆಂಬುದು ಆ ಹೆಸರಿನ ಅರ್ಥ. ಅವನು ಕ್ರಿ. ಶ. 956ರಲ್ಲಿ ಈಜಿಪ್ತಿನ ಫುಸ್ತಾತ್ ನಗರದಲ್ಲಿ ಕಾಲವಾದನು.

ಕನ್ನಡಿಗರಾದ ನಮಗೆ ಈತನು ಸಂಪೂರ್ಣವಾಗಿ ಅಪರಿಚಿತನಲ್ಲ. ಕ್ರಿ. ಶ. 915-16ರ ಸುಮಾರಿಗೆ ಅವನು ಗುಜರಾತಿನ ಖಂಭಾತಕ್ಕೂ, ಅನಂತರ ಕೊಂಕಣ ತೀರದ ಚೌಲಿಗೂ ಬಂದಿದ್ದನು. ಆಗ ಆ ಸೀಮೆಗಳಲ್ಲಿ ಮಾನ್ಯಖೇಟದ ರಾಷ್ಟ್ರಕೂಟರ ಪ್ರಭುತ್ವವಿದ್ದಿತು. ಹಿಂದೂದೇಶದ ರಾಜರಲ್ಲೆಲ್ಲ ದೊಡ್ಡವನು “ಬಲ್ಹರಾ” ಎಂದೂ, ಅವನ ರಾಜಧಾನಿ “ಮಾನಕೀರ್” ಎಂದೂ ಮಸೂದಿಯು ಬರೆದಿರುವನು. ಬಲ್ಹರಾ ಎಂದರೆ ವಲ್ಲಭರಾಜ; ಮಾನಕೀರ್ ಎಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಪಟ್ಟಣದ ಜನರಾಡುವ ಭಾಷೆ “ಕೀರಿಯ” ಎಂದು ಅವನು ಹೇಳಿರುವುದು ಕನ್ನಡವನ್ನೇ ಕುರಿತದ್ದಿರಬೇಕೆಂದು ಕೆಲವು ವಿದ್ವಾಂಸರು ಊಹಿಸಿರುವರು. ಅರಬ್ಬರು ತಮ್ಮ ಧರ್ಮವನ್ನು ಆ ರಾಜ್ಯದಲ್ಲಿ ನಿರ್ಬಾಧೆಯಾಗಿ ಆಚರಿಸುತ್ತಿದ್ದುದನ್ನೂ ಅವನು ಮೆಚ್ಚಿ ಬರೆದಿರುವನು. ಹರ್ರಾನಿನ ವೃತ್ತಾಂತವುಳ್ಳ ಅವನ ಗ್ರಂಥವು ರಚಿತವಾದುದು ಹಿಜರಿ 332, ಅಂದರೆ ಕ್ರಿ. ಶ. 943ರ ಸುಮಾರಿಗೆ. ಪಂಪನು ಆದಿಪುರಾಣವನ್ನು ಮುಗಿಸಿದ್ದು 941ರಲ್ಲಿ ಎಂಬುದನ್ನು ನೆನೆದರೆ ಕಾಲದ ಕಲ್ಪನೆಯು ಸ್ಪಷ್ಟವಾಗುವುದು.

ಹರ್ರಾನಿನ ಪೂರ್ವೇತಿಹಾಸ

ಹರ್ರಾನ್ ಇರುವುದು ಈಗಿನ ತುರ್ಕಿ ದೇಶದ ಆಗ್ನೇಯ ಭಾಗದಲ್ಲಿ, ಸಿರಿಯಾದ ಗಡಿಗೆ ಸಮೀಪದಲ್ಲಿ. ಉರ್ಫಾ ಪಟ್ಟಣದಿಂದ ಅಲ್ಲಿಗೆ ಸುಮಾರು 40 ಕಿಲೋಮೀಟರು ದೂರ. ವ್ಯಾಪಾರದ ಸಾರ್ಥಗಳು ಕೂಡುವ ದಾರಿಯ ಮೇಲಿದ್ದುದರಿಂದಲೇ ಅದಕ್ಕೆ ಆ ಹೆಸರು ಬಂದಿತು. ಅಸ್ಸೀರಿಯ ಮತ್ತು ಬಾಬಿಲೋನಿಯ ರಾಜರ ಕಾಲದಿಂದಲೂ ಅಲ್ಲಿ ‘ಸಿನ್’ ಎಂಬ ಚಂದ್ರದೇವನ ಮಹಾಮಂದಿರವಿದ್ದಿತು. ಬಾಬಿಲೋನಿಯದ ಕಡೆಯ ಅರಸನಾದ ನಬೋನಿಡಸನು (ಕ್ರಿ. ಪೂ. 556-539) ಅದನ್ನು ಜೀರ್ಣೋದ್ಧಾರ ಮಾಡಿಸಿದನು. ಅವನ ಶಿಲಾಶಾಸನಗಳು ಹರ್ರಾನಿನ ದೊಡ್ಡ ಮಸೀದಿಯ ಬಾಗಿಲುಗಳ ಬಳಿ ನೆಲಹಾಸಿನ ಕಲ್ಲುಗಳಾಗಿದ್ದು, 1956ರಲ್ಲಿ ಬೆಳಕಿಗೆ ಬಂದವು.

ಸಮೀಪದ ಉರ್ಫಾ ನಗರವು ಬಲು ಹಿಂದೆಯೇ ಕ್ರೈಸ್ತಮತಕ್ಕೆ ಸೇರಿದರೂ ಹರ್ರಾನಿನ ಜನರಲ್ಲಿ ಬಹುಮಂದಿ ತಮ್ಮ ಹಳೆಯ ದೇವರುಗಳನ್ನು ಬಿಡಲಿಲ್ಲ. ಪೂರ್ವಧರ್ಮಾಭಿಮಾನಿಯಾದ ರೋಮನ್ ಚಕ್ರವರ್ತಿ ಜೂಲಿಯನನು 363ರಲ್ಲಿ ಪಾರಸಿಕರ ಮೇಲೆ ದಂಡೆತ್ತಿ ಹೋಗುವಾಗ ಅಲ್ಲಿ ನಿಂತು ಚಂದ್ರನಿಗೆ ಪೂಜೆ ಸಲ್ಲಿಸಿದನು. ಏಳನೆಯ ಶತಮಾನದಲ್ಲಿ ಅರಬ್ಬರ ಆಳಿಕೆ ಬಂದ ಮೇಲೂ ಈ ಉಪಾಸನೆಯು ಅಳಿಯಲಿಲ್ಲ.

ಈ ಜನರಿಗೆ “ಸಾಬಿಯರು” ಎಂಬ ಹೆಸರು ಬಂದ ಬಗೆಗೆ 987ರ ಸುಮಾರಿನಲ್ಲಿ ಇಬ್ನ್ ಅಲ್-ನದೀಮನು ಒಂದು ಕಥೆಯನ್ನು ಬರೆದಿಟ್ಟಿರುವನು. ಖಲೀಫ ಮಾಮೂನನು 830ರಲ್ಲಿ ಆ ಮಾರ್ಗವಾಗಿ ದಂಡಯಾತ್ರೆ ಹೊರಟಾಗ, ಉದ್ದ ಕೂದಲನ್ನು ಬಿಟ್ಟು ವಿಚಿತ್ರ ವೇಷ ಧರಿಸಿದ್ದ ಇವರನ್ನು ಕಂಡು, ನೀವು ಯಾವ ಮತದವರೆಂದು ವಿಚಾರಿಸಿದನಂತೆ. ಕ್ರೈಸ್ತರೂ ಅಲ್ಲ, ಯಹೂದ್ಯರೂ ಅಲ್ಲ, ಅಗ್ನಿಪೂಜಕರೂ ಅಲ್ಲವೆಂದು ತಿಳಿದು, ತಾನು ಹಿಂದಿರುಗುವಷ್ಟರಲ್ಲಿ ಶಾಸ್ತ್ರಸಮ್ಮತವಾದ ಯಾವುದಾದರೊಂದು ಮತಕ್ಕೆ ಸೇರಬೇಕು, ಇಲ್ಲವಾದರೆ ಪ್ರಾಣದಾಸೆಯನ್ನು ಬಿಡಬೇಕೆಂದು ಆಜ್ಞಾಪಿಸಿದನಂತೆ. ಆಗ ಧರ್ಮಶಾಸ್ತ್ರ ಬಲ್ಲವನೊಬ್ಬನು ಹಣ ಪಡೆದು, ಕುರಾನಿನಲ್ಲಿ ಹೆಸರಿಸಲ್ಪಟ್ಟಿರುವ ಸಾಬಿಯರು ತಾವೇ ಎಂದು ಹೇಳಿಕೊಳ್ಳುವ ಉಪಾಯವನ್ನು ಅವರಿಗೆ ಕಲಿಸಿದನಂತೆ. ಮಾಮೂನನು ಹಿಂದಿರುಗದೆ 833ರಲ್ಲಿ ತೀರಿಕೊಂಡನು. ಹೆಸರು ಮಾತ್ರ ಉಳಿಯಿತು. ಈ ಕಥೆಯನ್ನು ಹೇಳಿದವನು ಹರ್ರಾನಿನವರಿಗೆ ಪ್ರತಿಕಕ್ಷಿಯಾದ ಕ್ರೈಸ್ತನಾದುದರಿಂದ ಇತಿಹಾಸಜ್ಞರು ಇದನ್ನು ಪೂರ್ಣವಾಗಿ ನಂಬುವುದಿಲ್ಲ. ಆದರೂ ಒಂದು ಜನಾಂಗವು ತನ್ನ ಹೆಸರಿನ ಮರೆಯಲ್ಲಿ ಪ್ರಾಣವನ್ನೂ ದೇವರನ್ನೂ ಕಾಪಾಡಿಕೊಳ್ಳಬೇಕಾಗಿದ್ದ ಆ ಕಾಲದ ಇಕ್ಕಟ್ಟು ಇದರಿಂದ ತಿಳಿಯಬರುವುದು.

ಇಂತಹ ಇಕ್ಕಟ್ಟಿನಲ್ಲಿಯೂ ಈ ಜನರು ಲೋಕಕ್ಕೆ ಮಾಡಿದ ಉಪಕಾರವು ಸಾಮಾನ್ಯವಾದುದಲ್ಲ. ಹರ್ರಾನಿನಲ್ಲಿ ಹಣದ ವಿನಿಮಯ ಮಾಡಿಕೊಂಡಿದ್ದ ಥಾಬಿತ್ ಇಬ್ನ್ ಕುರ್ರಾ ಎಂಬುವನು, ಸ್ವಮತದವರೊಡನೆ ವಿವಾದವುಂಟಾಗಿ ಊರನ್ನು ಬಿಟ್ಟು, ಬಾಗ್ದಾದಿಗೆ ಹೋಗಿ ಮಹಾಗಣಿತಜ್ಞನೆನಿಸಿದನು. ಯೂಕ್ಲಿಡ್, ಆರ್ಕಿಮಿಡೀಸ್, ಅಪೊಲೋನಿಯಸ್ ಮೊದಲಾದ ಗ್ರೀಕ ಶಾಸ್ತ್ರಜ್ಞರ ಗ್ರಂಥಗಳು ಅರಬ್ಬೀ ಭಾಷೆಯಲ್ಲಿ ಶುದ್ಧವಾಗಿ ದೊರೆತುದಕ್ಕೆ ಈತನ ಪರಿಶ್ರಮವೂ ಮುಖ್ಯ ಕಾರಣ. ಖಲೀಫರ ಆಸ್ಥಾನದಲ್ಲಿ ಮನ್ನಣೆ ಪಡೆದೂ ಅವನು ತನ್ನ ಮತವನ್ನು ಬಿಡದೆ 901ರಲ್ಲಿ ಗತಿಸಿದನು. ಅವನ ಮಗ ಸಿನಾನನು ರಾಜವೈದ್ಯನಾಗಿ, 931ರಲ್ಲಿ ಬಾಗ್ದಾದಿನ 860ಕ್ಕೂ ಹೆಚ್ಚು ವೈದ್ಯರನ್ನು ಪರೀಕ್ಷಿಸಿದನೆಂದು ಪ್ರಸಿದ್ಧಿಯಿದೆ. ಅವನಾದರೋ ಖಲೀಫ ಕಾಹಿರನ ನಿರ್ಬಂಧಕ್ಕೆ ಒಳಗಾಗಿ ಮತಾಂತರ ಹೊಂದಬೇಕಾಯಿತು.

ಬಾಗಿಲ ಬರಹವೂ ಸಂಭಾಷಣೆಯೂ

ಮಸೂದಿಗೆ ಹರ್ರಾನಿನವರ ವಿಷಯದಲ್ಲಿ ಪರಕೀಯರ ಬರಹಗಳಿಗೆ ಕೊರತೆಯಿರಲಿಲ್ಲ. ಇಬ್ನ್ ಐಶೂನನೆಂಬ ಹರ್ರಾನಿನ ನ್ಯಾಯಾಧೀಶನೊಬ್ಬನು ಇವರ ಮತವನ್ನು ಕುರಿತು ದೀರ್ಘವಾದೊಂದು ಪದ್ಯವನ್ನು ರಚಿಸಿದ್ದನು. ಮಂದಿರದ ಕೆಳಗೆ ನಾಲ್ಕು ನೆಲಮಾಳಿಗೆಗಳಿವೆಯೆಂದೂ, ಅಲ್ಲಿ ಗ್ರಹಗಳ ಮೂರ್ತಿಗಳಿವೆಯೆಂದೂ, ಮಕ್ಕಳನ್ನು ಒಳಗೆ ತಂದು, ಪೂಜಾರಿಗಳು ಗೋಡೆಯ ಹಿಂದಿನಿಂದ ಕೊಳವೆಗಳ ಮೂಲಕ ಮಾತನಾಡಿ, ಮೂರ್ತಿಗಳೇ ನುಡಿದಂತೆ ತೋರಿಸಿ ಬೆದರಿಸುವರೆಂದೂ ಅದರಲ್ಲಿ ವರ್ಣಿಸಿದ್ದಿತು. ಕ್ರೈಸ್ತ ಲೇಖಕನೊಬ್ಬನು ಇವರ ಬಲಿ ಧೂಪಗಳ ವಿವರಗಳನ್ನು ಬರೆದಿದ್ದನು. ಪ್ರಸಿದ್ಧ ವೈದ್ಯನಾದ ಅಲ್-ರಾಜಿಯ ಗ್ರಂಥವೊಂದನ್ನೂ ಮಸೂದಿಯು ನೋಡಿದ್ದನು. ಇವರ ಮಂದಿರಗಳ ಆಕಾರಗಳನ್ನೂ ಅವನು ಬರೆದಿರುವನು: ಮೂಲಕಾರಣ, ಬುದ್ಧಿ ಮುಂತಾದ ತತ್ವಗಳ ಮಂದಿರಗಳು ವರ್ತುಲಾಕಾರ, ಶನಿಯದು ಷಟ್ಕೋಣ, ಗುರುವಿನದು ತ್ರಿಕೋಣ, ಸೂರ್ಯನದು ಚೌಕ, ಚಂದ್ರನದು ಅಷ್ಟಕೋಣ. ಆದರೆ ಅವನ ಕಾಲಕ್ಕೆ ಉಳಿದಿದ್ದುದು ರಕ್ಕಾ ಬಾಗಿಲಿನ ಬಳಿಯ ಒಂದೇ ಮಂದಿರ.

ಇಷ್ಟೆಲ್ಲ ಬರಹಗಳಿದ್ದರೂ ಅವನು ಹರ್ರಾನಿಗೆ ಹೋದನು. ಸಾಬಿಯರು ಸಭೆ ಸೇರುವ ಮಂದಿರದ ಬಾಗಿಲ ಬಡಿಗೆಯ ಮೇಲೆ ಸಿರಿಯಾಕ್ ಭಾಷೆಯ ಒಂದು ಬರಹವನ್ನು ಕಂಡನು. ಅದರ ಅರ್ಥವನ್ನು ಅವನಿಗೆ ಬಿಡಿಸಿ ಹೇಳಿದವರು ಆ ಮತದವನೇ ಆದ ಮಾಲಿಕ್ ಇಬ್ನ್ ಉಕ್ಬೂನನೂ ಅವನ ಸಂಗಡಿಗರೂ. ಅದು ಗ್ರೀಕ ತತ್ವಜ್ಞಾನಿ ಪ್ಲೇಟೋವಿನ ಮಾತೆಂದೂ, ತನ್ನ ನಿಜವನ್ನು ಅರಿತವನು ದೈವತ್ವವನ್ನು ಹೊಂದುವನೆಂಬುದು ಅದರ ತಾತ್ಪರ್ಯವೆಂದೂ ಅವರು ವಿವರಿಸಿದರು. ಇದರ ಬೆನ್ನಿಗೇ ಮಸೂದಿಯು ಪ್ಲೇಟೋವಿನದೇ ಆದ ಇನ್ನೊಂದು ಉಪಮೆಯನ್ನು ಉದಾಹರಿಸಿರುವನು. ಮನುಷ್ಯನು ಬೇರು ಮೇಲಾಗಿ ಕೊಂಬೆ ಕೆಳಗಾಗಿರುವ ಸ್ವರ್ಗೀಯ ವೃಕ್ಷವೆಂಬುದೇ ಆ ಉಪಮೆ. ಅರಿವೇ ಗುರುವೆಂದು ನಂಬಿದ ನಾಡಿನವರಿಗೂ, ಊರ್ಧ್ವಮೂಲವಾದ ಅಶ್ವತ್ಥದ ಕಲ್ಪನೆಯನ್ನು ಬಲ್ಲವರಿಗೂ ಈ ಮಾತುಗಳು ಹೊಸತೆನಿಸಲಾರವು.

ಮಾಲಿಕನನ್ನು ಅವರಲ್ಲಿ ತಿಳಿವಳಿಕೆಯುಳ್ಳವನೆಂದು ಕರೆದು, ತಾನು ಕೇಳಿದ್ದ ಸಂಗತಿಗಳನ್ನು ಅವನ ಮುಂದಿಟ್ಟುದಾಗಿ ಮಸೂದಿಯು ಬರೆದಿರುವನು. ಮಾಲಿಕನು ಅವುಗಳಲ್ಲಿ ಕೆಲವನ್ನು ಹೌದೆಂದು ಒಪ್ಪಿದನು. ಬಲಿಗಳ ವರ್ಣನೆಯಲ್ಲಿ ಕೆಲವನ್ನು ಅಲ್ಲವೆಂದು ನಿರಾಕರಿಸಿದನು. ಕಪ್ಪು ಹೋರಿಯೊಂದನ್ನು ಕಣ್ಣು ಕಟ್ಟಿ, ಮುಖಕ್ಕೆ ಉಪ್ಪೆರಚಿ, ಕೊಂದು, ಅದರ ಅಂಗಾಂಗಗಳ ಕಂಪನದಿಂದ ವರ್ಷಫಲವನ್ನು ನೋಡುವರೆಂಬ ಮಾತು ಆ ಚರ್ಚೆಯ ಸಂದರ್ಭದಲ್ಲಿ ಬಂದಿರುವುದು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮಸೂದಿಗೆ ಈ ಮತದ ಮೇಲೆ ಒಲವಿರಲಿಲ್ಲ. ಇವರು ತತ್ವಜ್ಞಾನಿಗಳೆನಿಸಿಕೊಳ್ಳುವುದು ಗ್ರೀಕರ ವಂಶಸಂಬಂಧದಿಂದಲೇ ಹೊರತು ಜ್ಞಾನದಿಂದಲ್ಲವೆಂದು ಅವನು ಕಠಿಣವಾಗಿಯೇ ನುಡಿದಿರುವನು. ಥಾಬಿತನ ಮಗನಾದ ಸಿನಾನನು ತನಗೆ ಸಲ್ಲದ ಇತಿಹಾಸರಚನೆಗೆ ಕೈಹಾಕಿದನೆಂದೂ ಆಕ್ಷೇಪಿಸಿರುವನು. ಒಲವಿಲ್ಲದಿದ್ದರೂ ಬಾಗಿಲ ಬರಹವನ್ನು ಓದಿಸಿಕೊಂಡನು. ಅಪವಾದಗಳನ್ನು ಅಪವಾದಕ್ಕೊಳಗಾದವರ ಮುಂದೆಯೇ ಇಟ್ಟನು. ಅವರು ಅಲ್ಲವೆಂದುದನ್ನೂ ಮುಚ್ಚದೆ ಬರೆದನು.

ಅಥೆನ್ಸಿನ ತತ್ವಶಾಸ್ತ್ರದ ಪಾಠಶಾಲೆಯು 529ರಲ್ಲಿ ನಿಂತುಹೋದ ಮೇಲೆ ಅಲ್ಲಿಯ ಪಂಡಿತರು ಹರ್ರಾನಿನಲ್ಲಿ ನೆಲೆಸಿ, ಅವರ ಪರಂಪರೆಯೇ ಮಸೂದಿಯ ಕಾಲದವರೆಗೆ ನಡೆದುಬಂದಿತೆಂದು ಫ್ರೆಂಚ್ ವಿದ್ವಾಂಸ ಮಿಶೆಲ್ ತಾರ್ದ್ಯೂ 1986ರಲ್ಲಿ ವಾದಿಸಿದನು. ಇದನ್ನು ಒಪ್ಪದವರೂ ಅನೇಕರಿರುವರು. ಒಂದು ಬಾಗಿಲ ಬಡಿಗೆಯ ಮೇಲಣ ಕೆಲವೇ ಅಕ್ಷರಗಳು ಇಷ್ಟು ದೊಡ್ಡ ಚರ್ಚೆಗೆ ಆಧಾರವಾಗಿರುವುವು.

ಫಲಿತಾರ್ಥ

ಮುಂದೆ ಹರ್ರಾನಿಗೆ ಒದಗಿದ ಗತಿಯನ್ನು ಸಂಕ್ಷೇಪವಾಗಿ ಹೇಳಬಹುದು. ಹನ್ನೊಂದನೆಯ ಶತಮಾನದಲ್ಲಿ ಸಾಬಿಯರ ಕಡೆಯ ಮಂದಿರವೂ ಅವರ ಕೈತಪ್ಪಿತು. ಹದಿಮೂರನೆಯ ಶತಮಾನದಲ್ಲಿ ಮಂಗೋಲರ ಕಾಲಕ್ಕೆ ನಗರವೇ ಹಾಳುಬಿದ್ದಿತು. ಥಾಬಿತನು ತನ್ನ ಮತದ ಆಚಾರ, ಪ್ರಾರ್ಥನೆ, ಶವಸಂಸ್ಕಾರ ಮೊದಲಾದವುಗಳನ್ನು ಕುರಿತು ಸಿರಿಯಾಕ್ ಭಾಷೆಯಲ್ಲಿ ಬರೆದ ಪುಸ್ತಕಗಳ ಹೆಸರುಗಳನ್ನು ಬಾರ್ ಹೀಬ್ರೇಯಸನೆಂಬ ಕ್ರೈಸ್ತ ಗುರುವು ಆ ಶತಮಾನದಲ್ಲಿ ಪಟ್ಟಿಮಾಡಿರುವನು. ಪುಸ್ತಕಗಳು ಉಳಿಯಲಿಲ್ಲ. ಅವನ ಗಣಿತಗ್ರಂಥಗಳನ್ನು ಪರಮತದವರು ಪ್ರತಿಮಾಡಿ ಕಾಪಾಡಿದರು. ಅವನ ಧರ್ಮಗ್ರಂಥಗಳನ್ನು ಕಾಪಾಡಬೇಕಾದವರೇ ಇಲ್ಲವಾದರು. ಆದುದರಿಂದ ಹರ್ರಾನಿನವರ ದೇವರು ಯಾವನು, ಪೂಜೆ ಯಾವುದು ಎಂಬುದನ್ನು ನಾವಿಂದು ಬಹುಮಟ್ಟಿಗೆ ಅವರ ಪ್ರತಿಕಕ್ಷಿಗಳ ಬಾಯಿಂದ ಕೇಳಬೇಕಾಗಿರುವುದು. ಅವರು ತಾವಾಗಿ ಹೌದೆಂದ, ಅಲ್ಲವೆಂದ ಧ್ವನಿಯು ಕಿವಿಗೆ ಬೀಳುವುದು ಮಾಲಿಕನ ಸಂಭಾಷಣೆಯಂತಹ ವಿರಳ ಸ್ಥಳಗಳಲ್ಲಿ ಮಾತ್ರ.

ಮಠಗಳ ಗದ್ದುಗೆಯ ಕೋಣೆಗಳಲ್ಲಿಯೂ, ಭಕ್ತರ ಮನೆಗಳ ಅಟ್ಟಗಳಲ್ಲಿಯೂ ಓಲೆಯ ಕಟ್ಟುಗಳು, ಕಡತಗಳು, ಸನ್ನದುಗಳು ಹುಳು ಹಿಡಿದು ಬಿದ್ದಿರುವುದನ್ನು ನಾವೆಲ್ಲರೂ ಬಲ್ಲೆವು. ಅವುಗಳನ್ನು ಬಿಚ್ಚಿ, ಧೂಳು ಕೊಡಹಿ, ಪ್ರತಿಮಾಡಿಸಿ, ಓದಬಲ್ಲವರಿಗೆ ತೋರಿಸುವುದು ಜಾತ್ರೆ ಉತ್ಸವಗಳಷ್ಟೇ ಮುಖ್ಯವಾದ ಸೇವೆಯೆಂದು ಹರ್ರಾನಿನ ಕಥೆಯಿಂದ ತಿಳಿಯಬೇಕು. ಪರಸ್ಥಳದಿಂದ ಜಿಜ್ಞಾಸುವೊಬ್ಬನು ಬಂದು ಬಾಗಿಲು ತಟ್ಟಿದರೆ, ಅವನು ನಮ್ಮವನಲ್ಲವೆಂದು ಸಂಶಯಪಡದೆ, ನಮ್ಮಲ್ಲಿ ಇರುವುದನ್ನು ಇದೆಯೆಂದೂ ಇಲ್ಲದುದನ್ನು ಇಲ್ಲವೆಂದೂ ಮಾಲಿಕನಂತೆ ಹೇಳಬೇಕು. ಹಾಗೆಯೇ ನಾವು ಇನ್ನೊಬ್ಬರ ಮತದ ವಿಷಯವಾಗಿ ಏನನ್ನಾದರೂ ಬರೆಯುವ ಮೊದಲು ಮಸೂದಿಯಂತೆ ಅವರ ಬಾಗಿಲಿಗೆ ಹೋಗಿ, ಅಲ್ಲಿ ಬರೆದಿರುವುದು ಏನೆಂದು ಅವರನ್ನೇ ಕೇಳಬೇಕು.