ಟೋಪಿಯ ಮೇಲಿನ ಕ್ಯಾಮೆರಾ

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಸ್ಟಾಫ್ ರೂಮಿನ ಗೋಡೆಗೆ ಒಂದು ಕಾಗದ ಅಂಟಿಸಿದ್ದರು: 'ಶಿಕ್ಷಕರು ಸಭ್ಯ ಉಡುಪಿನಲ್ಲಿ ಬರತಕ್ಕದ್ದು.' ಮೇಷ್ಟ್ರುಗಳು ಅದನ್ನು ಓದಿ ಸುಮ್ಮನೆ ಕ್ಲಾಸಿಗೆ ಹೋದರು. ನಾವು ನಾಲ್ವರು ಹೆಂಗಸರು ಮಾತ್ರ ನಮ್ಮ ನಮ್ಮ ರವಿಕೆಯ ತೋಳು ನೋಡಿಕೊಂಡೆವು.

ಈಚೆಗೆ ತಂಗಿಯ ಮಗ ಕಂಪ್ಯೂಟರಿನಲ್ಲಿ 'ಟ್ವಿಚ್' ತೋರಿಸಿದಾಗ ಆ ಕಾಗದ ನೆನಪಾಯಿತು. ಹಿಂದೆ ದೂರದರ್ಶನದಲ್ಲಿ ಕ್ರಿಕೆಟ್ಟಿನ ನೇರಪ್ರಸಾರ ನೋಡುತ್ತಿದ್ದೆವಲ್ಲ, ಇದೂ ಅಂಥದ್ದೇ. ಆದರೆ ಇಲ್ಲಿ ಯಾರು ಬೇಕಾದರೂ ತಮ್ಮ ಕೋಣೆಯಲ್ಲೇ ಕೂತು ಪ್ರಸಾರ ಮಾಡಬಹುದು. ಹೆಚ್ಚಿನವರು ವಿಡಿಯೋ ಗೇಮ್ ಆಡುತ್ತಾರೆ, ಉಳಿದವರು ಕೂತು ನೋಡುತ್ತಾರೆ. "ಇದರಲ್ಲಿ ನೋಡುವುದೇನಪ್ಪಾ?" ಎಂದೆ. "ನೀವು ಧಾರಾವಾಹಿ ನೋಡಲ್ವಾ ದೊಡ್ಡಮ್ಮಾ?" ಎಂದ. ಸುಮ್ಮನಾದೆ.

ಇದರ ಕಥೆ ಶುರುವಾಗುವುದು 2007ರಲ್ಲಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಸ್ಟಿನ್ ಕಾನ್ ಎಂಬ ಯುವಕ ಟೋಪಿಗೆ ಕ್ಯಾಮೆರಾ ಕಟ್ಟಿಕೊಂಡು ಹಗಲೂ ರಾತ್ರಿ ತನ್ನ ಬದುಕನ್ನೇ ಪ್ರಸಾರ ಮಾಡತೊಡಗಿದ. ಆ 'ಜಸ್ಟಿನ್ ಟಿವಿ'ಯ ಗೇಮ್ ವಿಭಾಗವೇ 2011ರಲ್ಲಿ ಟ್ವಿಚ್ ಆಯಿತು. 2014ರಲ್ಲಿ ಅಮೆಜಾನ್ ಕಂಪನಿ 97 ಕೋಟಿ ಡಾಲರಿಗೆ ಅದನ್ನು ಕೊಂಡಿತು. ಅದೇ ವರ್ಷ ಉಡುಪಿನ ನಿಯಮವೂ ಬಂತು: ಒಳ ಉಡುಪು, ಈಜುಡುಗೆ, ಬರಿಮೈ ಕೂಡದು, ಇದು ಗಂಡಸರಿಗೂ ಹೆಂಗಸರಿಗೂ ಅನ್ವಯ. ಸರಿಯಾಗಿಯೇ ಇತ್ತು. ಮುಂದೆ, ಬಟ್ಟೆ ಸಾರ್ವಜನಿಕ ಬೀದಿಗೋ ಹೋಟೆಲಿಗೋ ಒಪ್ಪುವಂತಿರಬೇಕು ಎಂದರು. ಯಾವ ಊರಿನ ಬೀದಿ? ಸ್ಯಾನ್ ಫ್ರಾನ್ಸಿಸ್ಕೋದ್ದೋ, ನಮ್ಮ ಶಿರಸಿಯದೋ?

ಸಿನಿಮಾವನ್ನಾದರೆ ಸೆನ್ಸಾರಿನವರು ಮೊದಲೇ ನೋಡುತ್ತಾರೆ. ನೇರಪ್ರಸಾರವನ್ನು ಮೊದಲೇ ನೋಡುವುದು ಹೇಗೆ? ಯಾರಾದರೂ ದೂರು ಕೊಡಬೇಕು, ಇಲ್ಲವೇ ಯಂತ್ರ ಹಿಡಿಯಬೇಕು. ಎಳನೀರು ಕುಡಿಯುತ್ತ ಬರಿಮೈಯಲ್ಲಿ ಕೂತ ಗಂಡಸಿನ ಮೇಲೆ ಯಾರು ದೂರು ಕೊಟ್ಟಾರು? ಹೆಣ್ಣುಮಗಳಾದರೆ ಕುತ್ತಿಗೆಯ ಪಟ್ಟಿ ಅಳೆಯಲು ನೂರು ಜನ ಕಾದಿರುತ್ತಾರೆ.

2020ರ ಏಪ್ರಿಲ್‌ನಲ್ಲಿ ನಿಯಮವನ್ನು ತಿದ್ದಿದರು. ಎದೆ ಎಷ್ಟು ಮುಚ್ಚಿರಬೇಕೆಂಬ ವಿವರವೆಲ್ಲ ಹೆಂಗಸರಿಗೆ ಬಂತು. ಮಗುವಿಗೆ ಹಾಲೂಡಿಸುತ್ತಿರುವ ತಾಯಿಗೆ ಮಾತ್ರ ವಿನಾಯಿತಿ. ಹಾಲೂಡಿಸುವುದಕ್ಕೂ ಒಂದು ವಿನಾಯಿತಿಯ ಸಾಲು ಬೇಕಾಯಿತಲ್ಲ ಎಂದು ನನಗೆ ಬೇಸರ. ಕೊಳ, ಕಡಲತೀರಗಳಲ್ಲಿ ಈಜುಡುಗೆಗೆ ಅಡ್ಡಿ ಇರಲಿಲ್ಲ. ಸರಿ, ಕೆಲವರು ಗಾಳಿ ತುಂಬುವ ತೊಟ್ಟಿಯನ್ನು ಮನೆಯೊಳಗೇ ಇಟ್ಟುಕೊಂಡು ಅದರಲ್ಲಿ ಕೂತು ಪ್ರಸಾರ ಮಾಡಿದರು! ಇಂಥ ಬುದ್ಧಿ ನಮ್ಮ ಎಂಟನೇ ತರಗತಿಯ ಹುಡುಗರಿಗೂ ಇದೆ. 2021ರ ಮೇನಲ್ಲಿ ಕಂಪನಿ ಅವರಲ್ಲಿ ಕೆಲವರ ಜಾಹೀರಾತನ್ನು ಹೇಳದೆ ಕೇಳದೆ ನಿಲ್ಲಿಸಿತು. ಗಲಾಟೆಯಾದ ಮೇಲೆ, ಮೊದಲೇ ತಿಳಿಸದಿದ್ದದ್ದು ತಪ್ಪು ಎಂದಿತು. ಜೊತೆಗೆ ಆ ತೊಟ್ಟಿಗಳಿಗೆಂದೇ ಒಂದು ಬೇರೆ ವಿಭಾಗ ತೆರೆಯಿತು. ಅವರು ನಿಯಮ ಮುರಿದಿದ್ದರೆ ವಿಭಾಗವೇಕೆ? ಮುರಿಯದಿದ್ದರೆ ಅನ್ನ ಕಿತ್ತುಕೊಂಡದ್ದೇಕೆ?

ಈ ಅಳತೆಗಳ ನಡುವೆಯೇ, 2019ರ ಅಕ್ಟೋಬರ್ 9ರಂದು, ಜರ್ಮನಿಯ ಹಾಲೆಯಲ್ಲಿ ಒಬ್ಬ ಬಂದೂಕು ಹಿಡಿದು ಯೆಹೂದಿಗಳ ಪ್ರಾರ್ಥನಾ ಮಂದಿರಕ್ಕೆ ನುಗ್ಗಲು ಹೋದ. ಬಾಗಿಲು ಮುರಿಯಲಾಗದೆ ಹೊರಗಿದ್ದ ಇಬ್ಬರನ್ನು ಕೊಂದ. ಅದೆಲ್ಲ ಸುಮಾರು 35 ನಿಮಿಷ ಟ್ವಿಚ್‌ನಲ್ಲಿ ನೇರವಾಗಿ ಹೋಯಿತು. ಆಗ ನೋಡಿದವರು ಐದೇ ಜನ. ದೂರು ಬಂದು ತೆಗೆಯುವಷ್ಟರಲ್ಲಿ, ಉಳಿದುಕೊಂಡ ಚಿತ್ರವನ್ನು ಸುಮಾರು 2200 ಮಂದಿ ನೋಡಿದ್ದರು. 2022ರ ಮೇ 14ರಂದು ಅಮೆರಿಕದ ಬಫಲೋದ ಅಂಗಡಿಯೊಂದರಲ್ಲಿ ಹತ್ತು ಜನರನ್ನು ಕೊಂದವನೂ ಟ್ವಿಚ್‌ನಲ್ಲೇ ತೋರಿಸಿದ. ಆ ಸಲ ಎರಡು ನಿಮಿಷದೊಳಗೆ ನಿಲ್ಲಿಸಿದರು. ಹಾಗಾದರೆ ಕಣ್ಣು ತೀಕ್ಷ್ಣವಾಗಲು ಸಾಧ್ಯ. ಅದು ಮೊದಲು ಎತ್ತ ನೋಡುತ್ತಿತ್ತು ಎನ್ನುವುದೇ ನನ್ನ ಪ್ರಶ್ನೆ.

2023ರ ಡಿಸೆಂಬರ್ 13ರಂದು ಕಂಪನಿ ಮತ್ತೆ ನಿಯಮ ಬದಲಿಸಿ, ಚಿತ್ರಕಲೆಯಲ್ಲಿ ನಗ್ನತೆಗೆ ಅನುಮತಿ ಕೊಟ್ಟಿತು. ಯಂತ್ರ ಬರೆದ ಚಿತ್ರ ಯಾವುದು, ಫೋಟೋ ಯಾವುದು ಎಂದು ತಿಳಿಯದ ಗೊಂದಲವೆದ್ದು ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಂಡಿತು. ಪತ್ರಿಕೆಗಳೆಲ್ಲ ಅದನ್ನೇ ಬರೆದವು. ನನ್ನ ಕಣ್ಣಿಗೆ ಬಿದ್ದದ್ದು ಆ ಪ್ರಕಟಣೆಯ ಇನ್ನೊಂದು ಮಾತು: ತಮ್ಮ ಹಿಂದಿನ ನಿಯಮಗಳಿಂದ ಹೆಂಗಸರಿಗೇ ಹೆಚ್ಚಾಗಿ ಶಿಕ್ಷೆಯಾಗುತ್ತಿತ್ತು ಎಂದು ಅವರೇ ಒಪ್ಪಿಕೊಂಡಿದ್ದರು.

ನಮ್ಮ ಗೋಡೆಯ ಕಾಗದದ ಬಗ್ಗೆ ಅಷ್ಟನ್ನೂ ಯಾರೂ ಹೇಳಲಿಲ್ಲ. ಒಂದು ಬೇಸಿಗೆಯಲ್ಲಿ ಸುಣ್ಣ ಬಳಿಯುವಾಗ ಅದು ಹರಿದುಹೋಯಿತು.