ಬಾವಿಗಳು ಉಳಿಸಿದ ಹೆಸರುಗಳು

ನೆಗೆವ್ ಮರುಭೂಮಿಯ ಅಂಚಿನ ಬೇರ್ಷೆಬ ಊರಿನ ಹೆಸರನ್ನು ಸ್ವಲ್ಪ ಬಿಡಿಸಿ ನೋಡೋಣ. ಹೀಬ್ರೂವಿನ 'ಬೆಎರ್' ಅಂದರೆ ಬಾವಿ. ಅರಬಿಯಲ್ಲೂ ಬಾವಿಗೆ 'ಬಿಅ್ರ್' ಅಂತಲೇ ಹೇಳೋದು. ಎರಡೂ ಸೆಮಿಟಿಕ್ ಕುಟುಂಬದ ಭಾಷೆಗಳಾದ್ದರಿಂದ ಇದರಲ್ಲಿ ತಕರಾರಿಲ್ಲ. ತಕರಾರು ಇರೋದು 'ಶೆಬ'ದಲ್ಲಿ. ಏಳು ಎಂಬ ಸಂಖ್ಯೆಗೂ ಆಣೆ ಇಡುವುದಕ್ಕೂ ಹೀಬ್ರೂವಿನಲ್ಲಿ ಮೂಲಾಕ್ಷರಗಳು ಒಂದೇ. ಆದಿಕಾಂಡದ 21ನೇ ಅಧ್ಯಾಯ ಎರಡನ್ನೂ ಬಳಸಿಕೊಳ್ಳುತ್ತದೆ: ಬಾವಿಯ ಜಗಳ ತೀರಿಸಲು ಹಝ್ರತ್ ಇಬ್ರಾಹೀಮ್ (ಅ) ಅಬೀಮೆಲೆಕನಿಗೆ ಏಳು ಹೆಣ್ಣು ಕುರಿಮರಿ ಕೊಡುತ್ತಾರೆ, ಇಬ್ಬರೂ ಅಲ್ಲಿ ಆಣೆ ಮಾಡುತ್ತಾರೆ. 26ನೇ ಅಧ್ಯಾಯದಲ್ಲಿ ಅದೇ ಹೆಸರು ಹಝ್ರತ್ ಇಸ್‌ಹಾಕರ (ಅ) ಆಳುಗಳು ತೋಡಿದ ಬಾವಿಯಿಂದ ಬಂತು ಅನ್ನುತ್ತದೆ. ಅರಬರು ಈ ಊರನ್ನು 'ಬಿಅ್ರ್ ಅಸ್ಸಬ್ಅ್' ಎಂದೇ ಉಳಿಸಿಕೊಂಡರು. ಈಗಿನ ಪಟ್ಟಣ ಕಟ್ಟಿದ್ದು ಉಸ್ಮಾನಿಯರು, 1900ರಲ್ಲಿ.

ಊರಿನ ಹೆಸರು ಮೊದಲು, ಕಥೆ ಆಮೇಲೆ ಬರೋದು ನಮಗೇನೂ ಹೊಸದಲ್ಲ. 12ನೇ ಶತಮಾನದ ಹೊಯ್ಸಳ ದೊರೆಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರು ಅಂತ ನಾವು ಹೇಳುತ್ತೇವೆ. ಆದರೆ ಬೇಗೂರಿನ ಶಾಸನದಲ್ಲಿ ಆ ಹೆಸರು 9ನೇ ಶತಮಾನದ ಹೊತ್ತಿಗೇ ಇದೆ!

ನನಗೆ ಹೆಚ್ಚು ಮುಖ್ಯ ಅನ್ನಿಸೋದು ಇನ್ನೊಂದು ಬಾವಿ. ಆದಿಕಾಂಡ 16ರಲ್ಲಿ ಗರ್ಭಿಣಿ ಹಾಜಿರಾ, ಸಾರಾರ ಕಾಟ ತಾಳಲಾರದೆ ಮರುಭೂಮಿಗೆ ಓಡಿಹೋಗುತ್ತಾರೆ. ಮಲಕ್ ಬಂದು, ಮಗನಿಗೆ ಇಸ್ಮಾಈಲ್ ಎಂದು ಹೆಸರಿಡು ಅನ್ನುತ್ತಾರೆ. 'ದೇವರು ಕೇಳುತ್ತಾನೆ' ಎಂಬುದು ಅದರ ಅರ್ಥ. ಅಲ್ಲಾಹನ 'ಅಸ್ಸಮೀಅ್' ಎಂಬ ನಾಮದಲ್ಲಿರುವುದೂ ಇದೇ ಧಾತು. ಹಾಜಿರಾ ತಮ್ಮೊಡನೆ ಮಾತಾಡಿದ ಒಡೆಯನನ್ನು 'ನೋಡುವವನು' ಎಂದು ಕರೆಯುತ್ತಾರೆ. ಆ ಜಾಗಕ್ಕೆ 'ಬೆಎರ್ ಲಹೈರೋಯಿ' ಎಂಬ ಹೆಸರು ಬಂದದ್ದು ಹಾಗೆ. ಅದನ್ನು ಸಾಮಾನ್ಯವಾಗಿ 'ನನ್ನನ್ನು ನೋಡುವ ಜೀವಂತನ ಬಾವಿ' ಎಂದು ಬಿಡಿಸುತ್ತಾರೆ. ದೊಡ್ಡ ದೊಡ್ಡ ಕುಲಪತಿಗಳ ಗ್ರಂಥದಲ್ಲಿ ಒಬ್ಬ ದಾಸಿಯ ಮಾತು ಭೂಪಟದ ಹೆಸರಾಗಿ ನಿಂತಿದೆ, ನೋಡಿ. ನಮ್ಮಲ್ಲಿ ಹಾಜಿರಾ ಅಂದ ಕೂಡಲೇ ನೆನಪಾಗೋದು ಝಮ್‌ಝಮ್, ಸಫಾ-ಮರ್ವಾ. ಅಲ್ಲೂ ನೀರು, ಇಲ್ಲೂ ನೀರು.

ಹಾಗಂತ ಎರಡನ್ನೂ ಒಂದೇ ಜಾಗ ಮಾಡಲು ಹೋಗಬಾರದು. ಇದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕು. ಕೀರ್ತನೆ 84ರಲ್ಲಿ 'ಬಾಕಾ ಕಣಿವೆ' ಅಂತ ಬರುತ್ತದೆ. ಕುರ್‌ಆನಿನ 3:96ರಲ್ಲಿ ಮಕ್ಕಾಕ್ಕೆ 'ಬಕ್ಕಾ' ಎಂಬ ಹೆಸರಿದೆ. ಎರಡೂ ಒಂದೇ ಅಂತ ಭಾಷಣಗಳಲ್ಲಿ ಉತ್ಸಾಹದಿಂದ ಹೇಳುವವರಿದ್ದಾರೆ. ಆದರೆ ಆ ಕೀರ್ತನೆಯ ಯಾತ್ರಿಕರು ಹೊರಟಿರೋದು ಸಿಯೋನಿಗೆ, ಅಂದರೆ ಜೆರುಸಲೇಮಿಗೆ. ಹೀಬ್ರೂವಿನ 'ಬಾಕಾ' ಒಂದು ಮರದ ಹೆಸರೂ ಹೌದು, ಅಳುವುದಕ್ಕೆ ಹತ್ತಿರದ ಶಬ್ದವೂ ಹೌದು. ಬರೀ ಉಚ್ಚಾರದ ಹೋಲಿಕೆ ಸಾಕ್ಷಿಯಾಗುವುದಿಲ್ಲ. ಕಾಬಾದ ಮಹತ್ವಕ್ಕೆ ಇಂಥ ಊರುಗೋಲು ಬೇಕಾಗಿಯೂ ಇಲ್ಲ.

ಹೆಬ್ರೋನಿನ ವಿಷಯ ಬೇರೆ. ಆ ಹೀಬ್ರೂ ಹೆಸರನ್ನು ಕೂಡು, ಜೊತೆಯಾಗು ಎಂಬ ಧಾತುವಿಗೆ ಸೇರಿಸುತ್ತಾರೆ. ಅರಬಿ ಹೆಸರು 'ಅಲ್ ಖಲೀಲ್', ಅಂದರೆ ಗೆಳೆಯ. ಇದು ಅನುವಾದವಲ್ಲ, ಖಲೀಲುಲ್ಲಾಹ್ ಎಂಬ ಇಬ್ರಾಹೀಮರ (ಅ) ಬಿರುದಿನಿಂದ ಬಂದದ್ದು. ಆದಿಕಾಂಡ 25ರ ಪ್ರಕಾರ ತಂದೆಯನ್ನು ಅಲ್ಲಿ ದಫನ ಮಾಡಿದ್ದು ಇಸ್‌ಹಾಕ್ ಮತ್ತು ಇಸ್ಮಾಈಲ್, ಇಬ್ಬರೂ ಕೂಡಿ. ಆಮೇಲೆ ಸಾರಾರ ಮಗ ಇಸ್‌ಹಾಕ್ ಹೋಗಿ ನೆಲೆಸಿದ್ದು ಬೆಎರ್ ಲಹೈರೋಯಿಯ ಬಳಿ, ಹಾಜಿರಾರ ಬಾವಿಯ ಪಕ್ಕ.