ಒಂದೇ ಜ್ವರ, ಹಲವು ಪಾಡು

1918ರ ಜೂನ್ 10ರಂದು ಮುಂಬಯಿಯಲ್ಲಿ ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರವೆಂದು ಆಸ್ಪತ್ರೆ ಸೇರಿದರು. ಮಲೇರಿಯವಲ್ಲ ಎಂಬುದಷ್ಟೇ ವೈದ್ಯರಿಗೆ ತಿಳಿದಿತ್ತು. ಇನ್‌ಫ್ಲುಯೆಂಜಾದ ಆ ಮೊದಲ ಅಲೆ ಬೇಗನೆ ತಗ್ಗಿತು. ಸೆಪ್ಟೆಂಬರಿನಲ್ಲಿ ಮರಳಿ ಬಂದ ಬೇನೆ ಮಾತ್ರ ದೇಶದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತು.

ಸಾಮಾನ್ಯವಾಗಿ ಈ ಜ್ವರ ಹಸುಳೆಗಳನ್ನೂ ಮುದುಕರನ್ನೂ ಹೆಚ್ಚಾಗಿ ಕಾಡುವಂಥದು. ಆ ವರ್ಷ ಇಪ್ಪತ್ತರಿಂದ ನಲವತ್ತರೊಳಗಿನ ಗಟ್ಟಿಮುಟ್ಟಾದವರೇ ಬಹುವಾಗಿ ಸತ್ತರು. ಆದರೆ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವಂತಿಲ್ಲ. ಮುಂಬಯಿ ನಗರದ ಲೆಕ್ಕದಲ್ಲಿ ಯುರೋಪಿಯನ್ನರಲ್ಲಿ ಸಾವಿರಕ್ಕೆ ಸುಮಾರು 8 ಮಂದಿ ಸತ್ತರೆ, ವರದಿಯು ‘ಕೆಳಜಾತಿ’ಯೆಂದು ಕರೆದ ಜನರಲ್ಲಿ ಸಾವಿರಕ್ಕೆ 61ಕ್ಕೂ ಹೆಚ್ಚು. ಹೊಕ್ಕ ರೋಗ ಒಂದೇ. ಹೊಕ್ಕ ಮನೆಗಳು ಒಂದೇ ಆಗಿರಲಿಲ್ಲ. ಮಳೆ ಕೈಕೊಟ್ಟು ಧಾನ್ಯ ತುಟ್ಟಿಯಾಗಿದ್ದ ಆ ವರ್ಷ, ಹಸಿದ ಮೈ, ಗಾಳಿಯಿಲ್ಲದ ಕೋಣೆ, ಆರೈಕೆಗೆ ಜನವಿಲ್ಲದಿರುವುದು, ಇವೂ ರೋಗದ ತೀವ್ರತೆಯನ್ನು ನಿರ್ಣಯಿಸಿದವು. ದೇಶದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚಾಗಿ ಸತ್ತರು. ಉಂಡು ಮಿಕ್ಕುದನ್ನು ಉಣ್ಣುವವಳೂ ರೋಗಿಯ ಬಳಿ ರಾತ್ರಿಯೆಲ್ಲ ಕೂರುವವಳೂ ಅವಳೇ ಅಲ್ಲವೆ?

ರೋಗಕಾರಕವಾದ ವೈರಸ್ ಮನುಷ್ಯರಿಂದ ಲಂಡನ್ನಿನ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು 1933ರಲ್ಲಿ. ಹತ್ತು ವರ್ಷಗಳ ತರುವಾಯ ಅಮೆರಿಕದಲ್ಲಿ ಥಾಮಸ್ ಫ್ರಾನ್ಸಿಸ್ ಮತ್ತು ಸಂಗಡಿಗರು ಸೈನ್ಯದ ಶಿಕ್ಷಣಾರ್ಥಿಗಳಿಗೆ ಲಸಿಕೆ ಹಾಕಿ ನೋಡಿದರು. ಲಸಿಕೆಯಿಲ್ಲದವರಲ್ಲಿ ನೂರಕ್ಕೆ ಏಳು ಮಂದಿಗೆ ಜ್ವರ ಬಂದರೆ, ಹಾಕಿಸಿಕೊಂಡವರಲ್ಲಿ ಎರಡೇ. ಆ ಎರಡನ್ನು ಮರೆಯಬಾರದು. ಲಸಿಕೆಯ ನಂತರವೂ ಜ್ವರ ಬರಬಹುದು, ಅದು ಸಾಮಾನ್ಯವಾಗಿ ಹಗುರವಾಗಿರುತ್ತದೆ ಎಂಬುದು ಇಂದು ಎಲ್ಲರಿಗೂ ತಿಳಿದ ವಿಷಯ. 1947ರಲ್ಲಂತೂ ವೈರಸ್ ವೇಷ ಬದಲಿಸಿತು. ಹಳೆಯ ಲಸಿಕೆ ಸೋತಿತು. ಅಂದಿನಿಂದ ಲಸಿಕೆಯನ್ನು ಮತ್ತೆ ಮತ್ತೆ ಹೊಸದಾಗಿ ಹೊಂದಿಸಬೇಕಾಗಿದೆ.

ದೇಹಕ್ಕೂ ನೆನಪಿದೆ. ಬಾಲ್ಯದಲ್ಲಿ ಮೊದಲು ತಗಲಿದ ಇನ್‌ಫ್ಲುಯೆಂಜಾದ ಗುರುತು ರಕ್ತದಲ್ಲಿ ಬಹುಕಾಲ ಉಳಿಯುತ್ತದೆ ಎಂದು ಫ್ರಾನ್ಸಿಸ್ 1960ರಲ್ಲಿ ಬರೆದರು. ಇದಕ್ಕೆ ಸಾಕ್ಷಿಯೆಂಬಂತೆ 1977ರಲ್ಲಿ ಚೀನ ಮತ್ತು ರಷ್ಯಗಳಲ್ಲಿ ಒಂದು ವೈರಸ್ ಕಾಣಿಸಿಕೊಂಡಿತು. ಅದು ಇಪ್ಪತ್ತೇಳು ವರ್ಷ ಹಿಂದಿನ ತಳಿಯನ್ನು ಬಹುಮಟ್ಟಿಗೆ ಹೋಲುತ್ತಿತ್ತು. ಆ ಬಳಗದ ವೈರಸ್ 1957ರ ಸುಮಾರಿಗೆ ಮನುಷ್ಯರಲ್ಲಿ ಮಾಯವಾಗಿತ್ತಾದ್ದರಿಂದ, ಮಲಗಿದವರಲ್ಲಿ ಬಹುಪಾಲು ಇಪ್ಪತ್ತೈದರ ಒಳಗಿನವರು. ಶಾಲೆ, ಕಾಲೇಜು, ಸೈನಿಕರ ಬಿಡಾರಗಳು ನರಳಿದವು. ಅದೇ ಊರಿನಲ್ಲಿ ನಡುವಯಸ್ಸಿನವರು, ಬಾಲ್ಯದಲ್ಲೆಂದೋ ಪಟ್ಟ ಜ್ವರ ತಮ್ಮನ್ನು ಕಾಯುತ್ತಿದೆಯೆಂದು ತಿಳಿಯದೆ, ಮಕ್ಕಳ ಹಣೆ ಮುಟ್ಟಿ ನೋಡಿ ಕೆಲಸಕ್ಕೆ ಹೊರಡುತ್ತಿದ್ದರು.